ಖಣ ಬೀಳುವ ಮೊದಲೇ

ನಮ್ಮ ಕಾಕಾನ ನೆತ್ತಿಯ ಮೇಲೆ ಕಿಟ್ಲಿ ಇಟ್ಟರೆ ಚಹಾ ಕುದಿಯುತ್ತಿತ್ತು. ಸುಳ್ಳಲ್ಲ! ಬೈಲಹೊಂಗಲದ ಬಸ್ಸು ಎರಡು ನಿಮಿಷ ಮೊದಲು ಬಿಟ್ಟರೆ ಡ್ರೈವರನಿಗೂ 'ಔಟ್' ಕೊಡುವ ಮನುಷ್ಯ.

ಮುಂಬಯಿ ಬಂದರಿನಲ್ಲಿ ಮೋಟರ್ ಬೋಟು ರಿಪೇರಿ ಮಾಡಿ ಬಂದವನು. ಸವದತ್ತಿ ಕಡೆ ಹೊಸದಾಗಿ ಹಿನ್ನೀರು ನಿಂತದ್ದೇ ತಡ, ಕಬ್ಬಿಗೆ ನೀರೆತ್ತುವ ಡೀಸೆಲ್ ಇಂಜಿನ್ನನ್ನು ದೋಣಿಗೆ ಕೂರಿಸಿದ. ಆಚೆ ದಡದ ಮಲ್ಲಪ್ಪನೂ ಕೂರಿಸಿದ. ಸಂತೆಯ ಜನರನ್ನು ದಾಟಿಸುವವರು ಯಾರು? ಪಂಚರು, "ಓಡಿಸ್ರಿ, ಗೆದ್ದಾಂವ ದಾಟಸ್ಲಿ" ಅಂದರು.

ಕಟ್ಟೆಯ ಮೇಲೆ ಕಾಕಾನ ಪಾಠ ಶುರು. "ನಿಂತ ಓಟ ಅಂದ್ರ ಹಗ್ಗ ಹಿಡಿದು ನಿಂದರಸೋದು, ಬಿಟ್ಟ ಕೂಡಲೆ ಜಿಗಿಯೋದು. ಹರಿಯೋ ಓಟ ಅಂದ್ರ ಎರಡೂ ದೋಣಿ ಜೋಡಿಲೆ ಸಾವಕಾಶ ಬರೋದು, ನಿಶಾನಿ ಬಟ್ಟಿ ಬಿದ್ದ ಮ್ಯಾಲೇ ಗೆರಿ ದಾಟೋದು. ಮೂರನೇದು, ಮೆತ್ತಗ ಓಡೋ ದೋಣಿನ್ನ ಹತ್ತು ಎಣಿಸೋ ತನಕ ಮುಂದ ಬಿಡೋದು."

"ಹಂಗಾರ ನಮಗ ಮೂರನೇದ ಇರಲಿ," ಅಂದೆ ನಾನು, ಅವನದೇ ಧ್ವನಿ ತೆಗೆದು. ಚಪ್ಪಲಿ ಬಂತು. ನಿಶಾನಿ ಬೀಳುವ ಮೊದಲೇ!

ನಿಂತ ಓಟ ನಡೆಯಲಿಲ್ಲ. ಆ ಇಂಜಿನ್ನಿಗೆ ಕ್ಲಚ್ಚಿಲ್ಲ. ಹ್ಯಾಂಡಲ್ ತಿರುಗಿಸಿದರೆ ಓಡುವುದೊಂದೇ ಗೊತ್ತು. ಹಗ್ಗ ಹಿಡಿದಿದ್ದ ನಾನು ಹಗ್ಗದ ಸಂಗಡವೇ ಹೋಗಿ ಮೀನುಗಳನ್ನು ಮಾತಾಡಿಸಿ ಬಂದೆ. ತನ್ನದು ಮೆತ್ತನೆ ದೋಣಿ ಎಂದು ಇಬ್ಬರೂ ಒಪ್ಪಲಿಲ್ಲ. ಉಳಿದದ್ದು ಹರಿಯುವ ಓಟ.

ನಿಶಾನಿ ಯಾರ ಕೈಯಲ್ಲಿ? ಊರಿನಲ್ಲಿ ಕಾಕಾನಿಗೆ ಹೆದರದವಳು ಕಾಕಿ ಒಬ್ಬಳೇ. ಕುಪ್ಪಸದ ಕೆಂಪು ಖಣ ಹಿಡಿದು, ಗೆರೆಯ ನೇರಕ್ಕಿದ್ದ ಬಂಡೆ ಏರಿದಳು.

ಕಾಕಾನೇ ಮೊದಲು ದಡ ಮುಟ್ಟಿದ. ಜನ ಶಿಳ್ಳೆ ಹೊಡೆದರು. ಕಾಕಿ ಮಾತ್ರ ಬಂಡೆ ಇಳಿಯಲಿಲ್ಲ.

"ಖಣ ಬೀಳೋಕಿಂತ ಮೊದಲ ಗೆರಿ ದಾಟ್ಯಾರ. ಔಟ್! ಮತ್ತ ಓಡಿಸ್ರಿ."

"ಸುಳ್ಳ!" ಕಾಕಾ ಸಿಟ್ಟಿನಲ್ಲಿ ಕೈಯಲ್ಲಿದ್ದ ಹ್ಯಾಂಡಲ್ಲನ್ನೇ ನೀರಿಗೆ ಒಗೆದ. ಇನ್ನು ಇಂಜಿನ್ ತಿರುಗಿಸುವುದು ಹೇಗೆ, ಹಲ್ಲಿನಿಂದಲೇ? ಹೊಸದು ಬರಲು ಎಂಟು ದಿನ. ಎಂಟೂ ದಿನ ಗಂಡ-ಹೆಂಡಿರ ಮಾತೆಲ್ಲ ನನ್ನ ಮೂಲಕ.

"ಸಾರಿಗೆ ಉಪ್ಪಿಲ್ಲಂತ ಅಂಪೈರ್ ಸಾಹೇಬ್ರಿಗೆ ಹೇಳು."

"ಕರಿಯೋಕಿಂತ ಮೊದಲ ತಾಟಿನ ಮುಂದ ಕುಂತಾರ, ಇಲ್ಲೂ ಔಟ್ ಅಂತ ಹೇಳು!"

ಇಬ್ಬರ ದನಿಯನ್ನೂ ತೆಗೆದು ತೆಗೆದು ನನ್ನ ಗಂಟಲೇ ಕೆಟ್ಟಿತು. ನನಗೂ ಕಾಕಿಯ ಮೇಲೆ ಸಿಟ್ಟೇ ಇತ್ತು. ಮನೆಯವಳಾಗಿ ಕಣ್ಣು ಮುಚ್ಚಬಾರದಿತ್ತೇ?

ಮರುಓಟದ ದಿನ ಮಲ್ಲಪ್ಪ ತಕರಾರು ತೆಗೆದ. "ಈ ಸಲ ಕಾಕಿ ಬ್ಯಾಡ್ರಿ. ಹೋದ ಸಲ ಔಟ್ ಕೊಟ್ಟು ನಂಬಿಸ್ಯಾರ. ಈ ಸಲ ಗಂಡನ ಕಡೆ ನೋಡಿ ಖಣ ಬಿಡತಾರ. ಮೋಸ!"

ಕಾಕಾ ದೋಣಿಯಿಂದ ಹಾರಿ ಅವನ ಅಂಗಿ ಹಿಡಿದ. "ಆಕಿ ಮೋಸ ಮಾಡತಾಳ? ಗೆದ್ದು ಬಂದ ನನಗ ಇಡೀ ಊರ ಮುಂದ ಔಟ್ ಕೊಟ್ಟಾಕಿ ಲೇ ಆಕಿ! ಖಣ ಆಕಿ ಕೈಯಾಗಿರಲಿಲ್ಲಂದ್ರ ನನಗ ಓಟಾನೂ ಬ್ಯಾಡ, ಸಂತಿ ಮಂದೀನೂ ಬ್ಯಾಡ. ನೀನ ದಾಟಸ್ಕೋ ಹೋಗು!"

ಪಂಚರು ಸಮಾಧಾನ ಮಾಡುವಷ್ಟರಲ್ಲಿ ಕಾಕಾ ದೋಣಿ ಬಿಚ್ಚಿಯಾಗಿತ್ತು. ನನ್ನ ಮೂಲಕವಲ್ಲ, ನೇರ ಕಾಕಿಗೇ ಅಂದ. "ದೋಣಿ ಹತ್ತು. ಸೀರಿ ತೊಯ್ತೈತಿ, ಎತ್ತಿ ಹಿಡಿ."

ಕಾಕಿ ಹತ್ತಿದಳು. ಇಂಜಿನ್ನಿನ ಬೆನ್ನ ಹಿಂದೆ ನಾನು ತೂರಿಕೊಂಡೆ. ದೋಣಿ ನಡು ನೀರಿಗೆ ಬಂತು.

"ಅವತ್ತ ನಾ ಎಷ್ಟು ಮುಂದ ಬಂದಿದ್ದೆ?" ಕಾಕಾ ಕೇಳಿದ, ನೀರಿನ ಕಡೆ ಮುಖ ಮಾಡಿ.

"ಎರಡು ಗೇಣು."

"ಒಂದ ಅಂದ್ಕೊಂಡಿದ್ದೆ," ಅಂದ.