ನಾನು ಕೆರೆದು ತೆಗೆದ ಐದು ಚುಕ್ಕೆಗಳು

ವಿದ್ಯಾ, ನಂದಿನಿ, ಮೊಮ್ಮಕ್ಕಳೇ, ನಿಮ್ಮ ಆಯಿ ಇಷ್ಟುದ್ದ ಬರೆದದ್ದನ್ನು ನೀವು ಎಂದೂ ನೋಡಿಲ್ಲ. ಕಿರಾಣಿ ಚೀಟಿ ಬಿಟ್ಟು ನಾನು ಬೇರೇನನ್ನೂ ಬರೆದವಳಲ್ಲ. ಮಾತಾಡಿಯೇ ಮುಗಿಸಬಹುದಾದ ವಿಷಯಕ್ಕೆ ಇಷ್ಟು ಹಾಳೆ ಯಾಕೆ ಬೇಕು ಎಂದು ನಂದಿನಿ ಕೇಳುತ್ತಾಳೆ. ಬೇಕು, ಯಾಕೆಂದರೆ ನನಗೆ ಮಾತಾಡಲು ಬರುವುದಿಲ್ಲ. ನಾಚಿಕೆ ಎನ್ನುವುದು ಹೆಣ್ಣುಮಕ್ಕಳಿಗೆ ಒಡವೆ ಇದ್ದ ಹಾಗೆ ಎಂದು ನಮ್ಮ ಕಾಲದಲ್ಲಿ ಹೇಳುತ್ತಿದ್ದರು. ಹಾಗಿದ್ದರೆ ನಾನು ಬಹಳ ಶ್ರೀಮಂತೆ. ನನ್ನ ತವರೂರು ಗಲಗಲಿಯ ಸಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದಾಗ ನನಗೆ ಉತ್ತರ ಗೊತ್ತಿರುತ್ತಿತ್ತು. ಅದನ್ನು ಮನಸ್ಸಿನಲ್ಲಿಯೇ ಹೇಳಿ, ಮನಸ್ಸಿನಲ್ಲಿಯೇ ಶಭಾಷ್ ಎನಿಸಿಕೊಂಡು ಸುಮ್ಮನೆ ಕೂಡುತ್ತಿದ್ದೆ. ಏಳನೆಯ ಇಯತ್ತೆಯವರೆಗೂ ಮಾಸ್ತರರಿಗೆ ನನ್ನ ದನಿ ಹೇಗಿದೆ ಎಂದು ಗೊತ್ತಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಒಬ್ಬಳೇ ಬಸ್ಸಿನಲ್ಲಿ ಬರುವಾಗ, ನಮ್ಮ ಬನಹಟ್ಟಿಯಲ್ಲಿ ಇಳಿಯುತ್ತೇನೆಂದು ಕಂಡಕ್ಟರನಿಗೆ ಹೇಳಲು ನಾಚಿ ರಬಕವಿಯವರೆಗೆ ಹೋಗಿ, ಅಲ್ಲಿಂದ ಬಿಸಿಲಿನಲ್ಲಿ ನಡೆದು ಬಂದೆ. ಮನೆಯಲ್ಲಿ ಕೇಳಿದರೆ, ರಬಕವಿಯಲ್ಲಿ ಬದನೆಕಾಯಿ ಚಲೋ ಸಿಗುತ್ತವೆ ಎಂದೆ. ಕೈಯಲ್ಲಿ ಬದನೆಕಾಯಿ ಇರಲಿಲ್ಲ.

ಇಂಥ ಹೆಂಡತಿಯನ್ನು ನಿಮ್ಮಜ್ಜ ನಲವತ್ತು ವರ್ಷ ಸಹಿಸಿಕೊಂಡರು. ಆಗ ನಮ್ಮದು ಕೈಮಗ್ಗ. ಒಂದು ಸಲ ಸೀರೆಯುದ್ದದ ಎಳೆಗಳ ಹೊಸ ಹಾಸು ಹೂಡಿದಾಗ ಸೀರೆಯ ದಡಿಯಲ್ಲಿ ಎರಡು ಎಳೆ ತಪ್ಪಿದ್ದು ಮೊದಲ ಗೇಣಿನಲ್ಲಿಯೇ ನನಗೆ ಕಂಡಿತ್ತು. ಹೇಳಲಿಲ್ಲ. ನೇಯುವವರು ಅವರು, ನಾನು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವಳು, ಅವರು ನೋಡಿಯೇ ಇರುತ್ತಾರೆ ಎಂದುಕೊಂಡೆ. ಸೀರೆ ಪೂರ್ತಿಯಾಗಿ ಸಾವಕಾರರ ಅಂಗಡಿಗೆ ಹೋಗಿ, ಮರುದಿನವೇ ತಿರುಗಿ ಬಂತು.

"ನಿನಗ ಕಂಡಿತ್ತೇನ?" ಎಂದು ಕೇಳಿದರು.

"ಹೂಂನ್ರಿ."

"ಯಾವಾಗ?"

"ಮೊದಲನೇ ದಿನಾನs ರೀ."

ಅವರು ಸಿಟ್ಟಾಗಲಿಲ್ಲ. ಸೀರೆಯನ್ನು ಮಡಚಿ ನನ್ನ ಕೈಗಿಟ್ಟು, "ಹಂಗಾದ್ರ ಈ ಸೀರಿ ನೀನs ಉಡಬೇಕು" ಎಂದರು. ಉಟ್ಟೆ. ಗಟ್ಟಿ ಸೀರೆ, ಹದಿನಾಲ್ಕು ವರ್ಷ ಬಾಳಿತು. ಅಷ್ಟು ವರ್ಷ ಉಟ್ಟರೂ ನನಗೆ ಬುದ್ಧಿ ಬರಲಿಲ್ಲ ಎಂದು ತಿಳಿದದ್ದು ಮೊನ್ನೆ, ವಿದ್ಯಾಳ ಬೋರ್ಡಿನ ಪ್ರಸಂಗದಲ್ಲಿ.

ಬೋರ್ಡಿನ ವಿಷಯ ನಿಮಗೆ ಗೊತ್ತಿದ್ದದ್ದೇ. ಆದರೂ ನಾನು ತಿಳಿದುಕೊಂಡ ಹಾಗೆ ಹೇಳುತ್ತೇನೆ, ನಾಳೆ ನಿಮ್ಮ ಮಕ್ಕಳು ಓದಿದರೆ ಅವರಿಗೂ ತಿಳಿಯಲಿ. ಜಮಖಂಡಿಯಲ್ಲಿ ಡಿಪ್ಲೊಮಾ ಓದುವ ವಿದ್ಯಾ ಕಾಲೇಜಿನ ಪ್ರದರ್ಶನಕ್ಕೆಂದು ಒಂದು ಸಣ್ಣ ಯಂತ್ರ ಮಾಡಲು ಹೊರಟಳು. ನಮ್ಮ ಈಗಿನ ಕರೆಂಟಿನ ಮಗ್ಗದಲ್ಲಿ ಹಾಸಿನ ಎಳೆ ಹರಿದರೆ ಅದು ಕೂಗಬೇಕು. ಅಂಗೈಯಷ್ಟು ಹಲಗೆ, ಅದನ್ನೇ ಬೋರ್ಡ್ ಎನ್ನುವುದು, ಅದರ ಒಂದು ಮೈಗೆ ತಾಮ್ರದ ತಗಡು. ಅದನ್ನು ನೋಡಿ ನಿಮ್ಮಪ್ಪ ನಕ್ಕ.

"ಏನವಾ, ಇಷ್ಟ ಸಣ್ಣದು ನನ್ನ ಮಗ್ಗಾ ನಿಲ್ಲಸ್ತೈತಿ?"

"ನಿಲ್ಲಸೂದಿಲ್ಲಪ್ಪಾ. ಎಳಿ ಹರದ್ರ ಒದರ್ತೈತಿ."

"ಒದರಾಕ ನಿಮ್ಮವ್ವ ಅದಾಳಲ್ಲ!"

ಅಡುಗೆಮನೆಯಿಂದ ನನ್ನ ಸೊಸೆ, ಅಂದರೆ ನಿಮ್ಮವ್ವ, "ನಾಲ್ಕ ಮಗ್ಗದ ಸಪ್ಪಳದಾಗ ನಾ ಒದರೂದ ನಿಮಗೆಲ್ಲಿ ಕೇಳ್ತೈತಿ? ಇಪ್ಪತ್ತ ವರ್ಷದಿಂದ ಒದರಾಕತ್ತೇನಿ" ಎಂದಳು.

"ಅದಕ್ಕs ಕೆಂಪ ದೀಪಾನೂ ಹಚ್ಚೇನಿ" ಎಂದಳು ವಿದ್ಯಾ. ಆಮೇಲೆ ನಗದೆ ಹೇಳಿದಳು, "ಅಪ್ಪಾ, ಇದ ಪ್ರದರ್ಶನದಾಗ ಒದರಿದ್ರ ನಾ ಇಂಜಿನಿಯರಿಂಗ್ ಫಾರ್ಮ್ ತುಂಬತೇನಿ. ಒದರಲಿಲ್ಲ ಅಂದ್ರ ಇದು ನನ್ನ ಕೈಲಾಗೂ ಕೆಲಸ ಅಲ್ಲ ಅಂತ ಬಿಟ್ಟಬಿಡತೇನಿ."

ಆ ಫಾರ್ಮು ಅಂದಿನಿಂದ ಕನ್ನಡಿಯ ಹಿಂದೆ ಸಿಕ್ಕಿಸಿಕೊಂಡು ಕುಳಿತಿತ್ತು. ತಲೆ ಬಾಚಿಕೊಳ್ಳುವಾಗೆಲ್ಲ ನನ್ನನ್ನು ನೋಡುತ್ತಿತ್ತು.

ಮೊದಲು ವಿದ್ಯಾ ಸಣ್ಣ ಸಣ್ಣ ಮನೆಗಳಿದ್ದ ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದಳು. ಒಂದೊಂದು ಮನೆ ಒಂದು ಮಿಲಿಮೀಟರ್. "ಎಲ್ಲಾ ಮನಿ ಲೆಕ್ಕದಾಗ ಕೂಡಬೇಕ ಆಯಿ. ಎರಡೂವರಿ ಮನಿಗೆ ಒಂದ ಕಾಲು" ಎಂದು ನನಗೆ ವಿವರಿಸಿದಳು. ಕಾಲು ಎಂದರೆ ಬೋರ್ಡಿನ ತೂತುಗಳಲ್ಲಿ ಇಳಿಯುವ ತಂತಿಯ ಮೊನೆ. ಮಗ್ಗದಿಂದ ಬರುವ ತಂತಿಗಳಿಗೆಂದು ಇಪ್ಪತ್ತು ಕಾಲಿನ ಒಂದು ಪಟ್ಟಿ ತಂದಿದ್ದಳು. ನೋಡಲು ನಮ್ಮ ಮಗ್ಗದ ಹಣಿಗೆಯ ತುಂಡಿನಂತೆ ಇತ್ತು, ಆದ್ದರಿಂದ ನನಗೆ ಅದರ ಮೇಲೆ ಪ್ರೀತಿ. ಅವಳು ಚಹಾ ಕುಡಿಯಲು ಎದ್ದು ಹೋದಾಗ ನಾನು ಸುಮ್ಮನೆ ಆ ಪಟ್ಟಿಯನ್ನು ನಕ್ಷೆಯ ಮೇಲೆ ಇಟ್ಟು ನೋಡಿದೆ. ಮೊದಲ ಕಾಲು ಗೆರೆಯ ಮೇಲೆ ಸರಿಯಾಗಿ ಕೂತಿತು. ಹತ್ತನೆಯದು ತುಸು ಆಚೆ. ಇಪ್ಪತ್ತನೆಯದು ಮುಕ್ಕಾಲು ಮನೆ ದಾಟಿತ್ತು. ಇದು ನನಗೆ ಹೊಸದಲ್ಲ. ಹಣಿಗೆಯ ಹಲ್ಲುಗಳನ್ನು ನಾವು ಇಂಚಿನಲ್ಲಿ ಎಣಿಸುತ್ತೇವೆ, ಅಂಗಡಿಯವರು ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತಾರೆ. ಎರಡೂ ಒಂದು ತುದಿಯಲ್ಲಿ ಕೂಡಿದರೆ ಇನ್ನೊಂದು ತುದಿಯಲ್ಲಿ ಜಗಳಾಡುತ್ತವೆ. ಈ ಕಾಲುಗಳು ಇಂಚಿನ ಮನೆತನದವು, ಹಾಳೆ ಮೀಟರಿನ ಮನೆತನದ್ದು ಎಂದು ಆ ಕ್ಷಣವೇ ಅನಿಸಿತು.

ವಿದ್ಯಾ ಚಹಾ ಕುಡಿದು ಬಂದಳು. ನಾನು ಪಟ್ಟಿಯನ್ನು ತೆಗೆದಿಟ್ಟು, "ಚಹಾಕ್ಕ ಸಕ್ಕರಿ ಸರಿ ಆಗಿತ್ತೇನ?" ಎಂದು ಕೇಳಿದೆ. ಕಾಲೇಜು ಓದಿದ ಹುಡುಗಿಗೆ ಏಳನೆಯ ಇಯತ್ತೆಯವಳು ಏನು ಹೇಳುವುದು? ಅವಳು ನೋಡಿಯೇ ಇರುತ್ತಾಳೆ ಎಂದುಕೊಂಡೆ. ನಿಮ್ಮಜ್ಜ ಇದ್ದಿದ್ದರೆ ನನಗೆ ಇನ್ನೊಂದು ಸೀರೆ ಉಡಿಸುತ್ತಿದ್ದರು.

ಮರುದಿನ ಮಧ್ಯಾಹ್ನ ಅವಳು ತಾಮ್ರದ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಬರೆದಳು. ಶಾಯಿ ಇದ್ದಲ್ಲಿ ತಾಮ್ರ ಉಳಿಯುತ್ತದೆ, ಇಲ್ಲದಲ್ಲಿ ಔಷಧದ ನೀರಿನಲ್ಲಿ ಕರಗಿ ಹೋಗುತ್ತದೆ. ಗೆರೆಗಳು ಅಲ್ಲಲ್ಲಿ ಉಬ್ಬಿದ್ದವು.

"ಆಯಿ, ನನ್ನ ಕೈ ನಡಗ್ತೈತಿ. ಎಲ್ಲೆಲ್ಲಿ ಶಾಯಿ ಹೆಚ್ಚಾಗೇತಿ ಅಲ್ಲಷ್ಟ ಬ್ಲೇಡಿಂದ ಕೆರದು ಒಪ್ಪ ಮಾಡಿ ಕೊಡ. ನೀ ಎಳಿಗೆ ಎಳಿ ಕೂಡಸಾಕಿ, ನಿನಗಿದ ಏನ ದೊಡ್ಡದು?"

ನಂದಿನಿ ಬಾಗಿಲಲ್ಲಿ ನಿಂತು, "ಅಕ್ಕಾ, ಆಯಿ ಕೈಯಾಗ ಕೊಟ್ಟಿ ಅಂದ್ರ ನಿನ್ನ ಬೋರ್ಡಿಗೆ ಸೆರಗ ಹಚ್ಚಿ ಕೊಡ್ತಾಳ ನೋಡು" ಎಂದಳು. ಸೆರಗು ಹಚ್ಚಿದ್ದರೆ ಎಷ್ಟೋ ಚಲೋ ಇತ್ತು.

ಕಂಡಿಕೆ ಸುತ್ತುವುದು ಬಿಟ್ಟರೆ ಐವತ್ತು ವರ್ಷ ನಾನು ಮಾಡಿದ ಕೆಲಸ ಒಂದೇ. ಸೀರೆ ಮಗ್ಗದಿಂದ ಇಳಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು, ಬಾಲ ಬಿಟ್ಟ ಎಳೆಗಳನ್ನು ಹುಡುಕಿ ಕತ್ತರಿಸುವುದು. ಎಲ್ಲಿಂದಲೋ ಹೊರಟು ಎಲ್ಲಿಗೂ ಹೋಗದ ಎಳೆ ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಬೀಗರ ಮನೆಗೆ ಹೋದಾಗಲೂ ಅವರ ಹಾಸಿಗೆಯ ಅಂಚಿನ ದಾರ ಕಿತ್ತು ಬಂದವಳು ನಾನು. ಹೀಗಿರುವಾಗ ವಿದ್ಯಾಳ ಗೆರೆಗಳನ್ನು ನೋಡುತ್ತ ಹೋದೆ. ಒಂದು ಗೆರೆಯಿಂದ ಸಣ್ಣ ಬಾಲ ಹೊರಟು, ತುದಿಯಲ್ಲಿ ಒಂದು ದುಂಡು ಚುಕ್ಕೆಯಾಗಿ ಮುಗಿದಿತ್ತು. ಅಲ್ಲಿ ಯಾವ ಕಾಲೂ ಇಲ್ಲ, ತೂತೂ ಇಲ್ಲ. ಇನ್ನೊಂದು ಗೆರೆಗೂ ಹಾಗೆಯೇ. ಒಟ್ಟು ಐದು. ಪಾಪ, ಹುಡುಗಿಯ ಕೈ ನಡುಗಿ ಶಾಯಿ ಸೋರಿದೆ ಎಂದುಕೊಂಡು, ಬ್ಲೇಡಿನ ಮೂಲೆಯಿಂದ ಐದನ್ನೂ ನೀಟಾಗಿ ಕೆರೆದು, ಬಾಯಿಂದ ಊದಿ, ಸೆರಗಿನಿಂದ ಒರೆಸಿ ಕೊಟ್ಟೆ. ಅಂಥ ಒಪ್ಪವಾದ ಕೆಲಸವನ್ನು ನನ್ನ ಆಯುಷ್ಯದಲ್ಲಿ ಮಾಡಿರಲಿಲ್ಲ.

ವಿದ್ಯಾ ಗಡಿಬಿಡಿಯಲ್ಲಿದ್ದಳು. ತೆಗೆದುಕೊಂಡವಳೇ ಔಷಧದ ನೀರಿನಲ್ಲಿ ಮುಳುಗಿಸಿದಳು. ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಂದು ಪಾಕ, ಕಾಕಂಬಿ, ನೋಡಿದವರಿಗೆ ಅದರ ಬಣ್ಣ ಹೇಳಬೇಕಾಗಿಲ್ಲ. ಅರ್ಧ ತಾಸಿನ ಮೇಲೆ ಹೊರಗೆ ತೆಗೆದು, ತೊಳೆದು, ಬೆಳಕಿಗೆ ಹಿಡಿದು ನಿಂತುಬಿಟ್ಟಳು.

"ಅಯ್ಯ ನನ್ನ ಕರ್ಮ! ಟೆಸ್ಟ್ ಪಾಯಿಂಟ್ ಬರ್ಯಾಕs ಮರತೇನೇನ?"

"ಏನವು?" ಎಂದು ನಂದಿನಿ ಕೇಳಿದಳು.

"ಬೋರ್ಡ್ ಕೆಟ್ರ ಕರೆಂಟ್ ನೋಡೂ ಮೀಟರಿನ ಸೂಜಿ ಇಡಾಕ ಬಿಡೂ ಜಾಗಾ. ಕರೆಂಟ್ ಇಲ್ಲೀತನಕ ಬಂತು, ಮುಂದ ಹೋಗಿಲ್ಲ ಅಂತ ಅದರ ಮ್ಯಾಲ ತಿಳೀತೈತಿ. ಹಾಳ್ಯಾಗ ಐದೂ ಅದಾವು, ತಾಮ್ರದ ಮ್ಯಾಲ ಒಂದೂ ಇಲ್ಲ ನೋಡ. ಎಂಥಾ ಮರಗುಳಿ ನಾನು!"

"ನಿನ್ನೆ ಚಪ್ಪಲಿ ಬಿಟ್ಟ ಜಾಗಾನs ಮರತಿದ್ದಿ. ಇನ್ನ ಇದೇನ ನೆನಪಿಡ್ತಿ?"

ಬ್ಲೇಡು ಇನ್ನೂ ನನ್ನ ಕೈಯಲ್ಲಿಯೇ ಇತ್ತು. ಅದನ್ನು ಸೆರಗಿನ ಮರೆಗೆ ಸರಿಸಿದೆ. 'ನಾನs ಕೆರದೇನವಾ' ಎಂಬ ಮಾತು ಗಂಟಲಿನವರೆಗೆ ಬಂದು, ಅಲ್ಲಿ ಒಂದು ಸುತ್ತು ಹಾಕಿ, ತಿರುಗಿ ಹೋಯಿತು. ಇನ್ನೊಂದು ಬೋರ್ಡ್ ಮಾಡಲು ದಿನ ಉಳಿದಿರಲಿಲ್ಲ. "ಇರ್ಲಿ, ಸೀದಾ ನಡದ್ರ ಅವು ಯಾಕ ಬೇಕು?" ಎಂದು ವಿದ್ಯಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾನೂ ಅದೇ ಸಮಾಧಾನದ ಒಂದು ತುದಿ ಹಿಡಿದುಕೊಂಡೆ.

ತೂತು ಕೊರೆದ ಮೇಲೆ ಇಪ್ಪತ್ತು ಕಾಲಿನ ಪಟ್ಟಿ ಕೂಡಲಿಲ್ಲ. ಯಾಕೆ ಕೂಡಲಿಲ್ಲ ಎಂದು ಮನೆಯಲ್ಲಿ ಒಬ್ಬಳಿಗೆ ಗೊತ್ತಿತ್ತು. ನಿಮ್ಮಪ್ಪ ಬಂದು, "ಕೂಡ್ರತೈತಿ ತಾ ಇಲ್ಲೆ" ಎಂದು ಕೊನೆಯ ಕಾಲುಗಳನ್ನು ಇಕ್ಕಳದಿಂದ ಬಗ್ಗಿಸಿ ಒತ್ತಿದ. ಚಟ್ ಎಂದಿತು, ಆದರೆ ಕೂತಿತು. ಎಲ್ಲವನ್ನೂ ಬೆಸುಗೆ ಹಾಕಿ, ತಾಮ್ರ ಕಪ್ಪಾಗಬಾರದೆಂದು ವಿದ್ಯಾ ಮೇಲೆಲ್ಲ ವಾರ್ನಿಶ್ ಬಳಿದಳು. ಚುಕ್ಕೆಗಳಿದ್ದಿದ್ದರೆ ಅವನ್ನಷ್ಟು ಬರಿದಾಗಿ ಬಿಡಬೇಕಿತ್ತಂತೆ. ಒಂದು ಕಟ್ಟಿಗೆಯ ಚೌಕಟ್ಟಿಗೆ ನಾನೇ ಇಪ್ಪತ್ತು ಎಳೆ ಬಿಗಿದು ಕೊಟ್ಟೆ. ಒಂದನ್ನು ಕತ್ತರಿಸಿದಾಗ ಅದು ಕೀ ಎಂದು ಎಂಥ ದನಿ ತೆಗೆಯಿತು! ನಿಮ್ಮವ್ವ ಸಕ್ಕರೆ ಹಂಚಿದಳು. ನಾನು ಪಾರಾದೆ ಎಂದುಕೊಂಡೆ.

ಪ್ರದರ್ಶನದ ದಿನ ಜಮಖಂಡಿಗೆ ಚೌಕಟ್ಟು ಹಿಡಿದುಕೊಂಡು ನಾನೇ ಜೊತೆಗೆ ಹೋದೆ. ದಾರಿಯುದ್ದಕ್ಕೂ ಬಸ್ಸು ಕುಣಿಸಿತು. ಅಲ್ಲಿ ಮೇಜಿನ ಮುಂದೆ ಪರೀಕ್ಷಕರು ಬಂದು ನಿಂತರು, ವಿದ್ಯಾ ಕತ್ತರಿಯಿಂದ ಒಂದು ಎಳೆ ಕತ್ತರಿಸಿದಳು. ಸದ್ದಿಲ್ಲ. ಎರಡನೆಯದು. ಸದ್ದಿಲ್ಲ. ಏಳನೆಯ ಎಳೆಯವರೆಗೂ ಕತ್ತರಿಸಿದಳು, ಯಂತ್ರ ಒದರಲಿಲ್ಲ. ಅವಳ ಮೇಡಂ ಮೀಟರ್ ಹಿಡಿದು ಓಡಿ ಬಂದರು.

"ಟೆಸ್ಟ್ ಪಾಯಿಂಟ್ ಎಲ್ಲಿ ವಿದ್ಯಾ? ಡ್ರಾಯಿಂಗಿನಾಗ ಅದಾವಲ್ಲ?"

"ಬರ್ಯಾಕ ಮರತೇನ್ರಿ ಮೇಡಂ."

"ಇಷ್ಟ ಚಂದ ಡ್ರಾಯಿಂಗ್ ತಗದಾಕಿ ಐದಕ್ಕ ಐದೂ ಮರೀತಿಯೇನ? ನನಗ್ಯಾಕೋ ನಂಬಿಕಿ ಬರವಲ್ದು." ಅವರು ನನ್ನ ಕಡೆಗೆ ತಿರುಗಿದರು. "ಅಜ್ಜೀರ, ನೀವ ಮನ್ಯಾಗ ಇದ್ರೆಲ್ಲ. ಇಕಿ ಬರಿಯೂದ ನೋಡೀರೇನ್ರಿ?"

ವಿದ್ಯಾ, ದೇವರು ಅದಕ್ಕಿಂತ ನೇರವಾಗಿ ನನಗೆ ಅವಕಾಶ ಕೊಡಲು ಸಾಧ್ಯವಿರಲಿಲ್ಲ. ಮೇಡಂ ಕೇಳುತ್ತಿದ್ದಾರೆ, ಪರೀಕ್ಷಕರು ನಿಂತಿದ್ದಾರೆ, ನೀನು ತಲೆ ತಗ್ಗಿಸಿದ್ದೀ. ನಾನು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನನಗೇನ ತಿಳೀತೈತ್ರಿ ಅದರಾಗ" ಎಂದೆ. ಅಷ್ಟು ಮಂದಿಯ ನಡುವೆ ನಾನು ಆಡಿದ ಒಂದೇ ಮಾತು, ಅದೂ ಸುಳ್ಳು.

ಮೇಡಂ ವಾರ್ನಿಶ್ ಮೇಲೆ ಸೂಜಿಯ ಮೊನೆಯಿಂದ ಅಲ್ಲಿ ಇಲ್ಲಿ ಕೆರೆಯುತ್ತಿರುವಾಗಲೇ ಪರೀಕ್ಷಕರು ಮುಂದಿನ ಮೇಜಿಗೆ ಹೋದರು. ಎಲ್ಲ ಮುಗಿದ ಮೇಲೆ ದೋಷ ಸಿಕ್ಕಿತು. ಒತ್ತಿ ಕೂಡಿಸಿದ ಪಟ್ಟಿಯ ತುದಿಯಲ್ಲಿ ತಾಮ್ರದ ಗೆರೆ ಕೂದಲೆಳೆಯಷ್ಟು ಸೀಳಿತ್ತು. "ಕಾಲಿನ ನಡುವಿನ ಅಂತರ ಇಂಚಿನ ಹತ್ತನೇ ಪಾಲು ಇರ್ತೈತಿ. ನೀ ಎರಡೂವರಿ ಮಿಲಿಮೀಟರ್ ಹಿಡದಿ. ಹೊಸದಾಗಿ ಕಲಿಯೂ ಎಲ್ಲಾರೂ ಒಮ್ಮೆ ಮಾಡೂ ತಪ್ಪಿದು, ಅದಕ್ಕ ಯಾಕ ಅಳ್ತಿ? ಆದ್ರ ಟೆಸ್ಟ್ ಪಾಯಿಂಟ್ ಇದ್ದಿದ್ರ ಎರಡ ನಿಮಿಷದಾಗ ಸಿಗ್ತಿತ್ತು" ಎಂದರು ಮೇಡಂ.

ಮನೆಗೆ ಬಂದು ನೀನು ಬೆಸುಗೆಯ ಸಾಮಾನುಗಳನ್ನೆಲ್ಲ ಡಬ್ಬಿಯಲ್ಲಿ ತುಂಬಿ ಅಟ್ಟಕ್ಕೆ ಹಾಕಿದೆ. "ಅಳತಿ ತಪ್ಪಿದ್ದ ಕಲೀಬಹುದಪ್ಪಾ. ಬರ್ಯಾಕs ಮರಿಯಾಕಿಗೆ ಈ ಕೆಲಸ ಯಾಕ? ಡಿಪ್ಲೊಮಾ ಮುಗಸ್ತೇನಿ, ಸಾಕು" ಎಂದೆ ನೀನು. ನಿಮ್ಮಪ್ಪ, "ನಿನ್ನ ಇಚ್ಛಾ" ಎಂದ. ನಂದಿನಿ ಕೂಡ ಚೇಷ್ಟೆ ಮಾಡಲಿಲ್ಲ. ಅವಳು ಸುಮ್ಮನಾದದ್ದನ್ನು ನೋಡಿ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಅಂದಿನಿಂದ ದಿನಾಲೂ ಹೇಳಬೇಕೆಂದು ಹೊರಡುತ್ತೇನೆ. ನಿನ್ನ ಹತ್ತಿರ ಬಂದು ನಿಂತು, "ಉಪ್ಪಿಟ್ಟ ತಿಂತಿಯೇನ?" ಎಂದು ಕೇಳಿ ಬರುತ್ತೇನೆ. ಈ ವಾರ ನೀನು ಎಷ್ಟು ಉಪ್ಪಿಟ್ಟು ತಿಂದಿದ್ದೀ ಎಂದು ನಿನಗೇ ಆಶ್ಚರ್ಯವಾಗಿರಬೇಕು. ಫಾರ್ಮು ತುಂಬಲು ಇನ್ನು ನಾಲ್ಕೇ ದಿನ ಉಳಿದಿವೆ ಎಂದು ನಿಮ್ಮವ್ವ ಇಂದು ಬೆಳಿಗ್ಗೆ ಹೇಳಿದಳು. ಅದಕ್ಕೇ ಪೆನ್ನು ಹಿಡಿದೆ.

ಕೇಳು. ನೀನು ಏನನ್ನೂ ಮರೆತಿರಲಿಲ್ಲ. ಐದು ಚುಕ್ಕೆಗಳನ್ನೂ ನೀನು ತಾಮ್ರದ ಮೇಲೆ ಬರೆದಿದ್ದೆ, ನಾನು ನೋಡಿದ್ದೇನೆ, ಚಂದಾಗಿ ದುಂಡಗೆ ಬರೆದಿದ್ದೆ. ಅವನ್ನು ಕೆರೆದವಳು ನಾನು. ಪಟ್ಟಿ ಕೂಡುವುದಿಲ್ಲ ಎಂದು ಮೊದಲೇ ಕಂಡು ಸುಮ್ಮನಿದ್ದವಳೂ ನಾನು. ನಿನ್ನ ಪಾಲಿಗೆ ಉಳಿಯುವ ತಪ್ಪು ಆ ಮುಕ್ಕಾಲು ಮನೆ ಒಂದೇ, ಅದನ್ನು ಎಲ್ಲರೂ ಒಮ್ಮೆ ಮಾಡುತ್ತಾರೆಂದು ನಿನ್ನ ಮೇಡಂ ಅವರೇ ಹೇಳಿದ್ದಾರೆ. ಫಾರ್ಮು ತುಂಬು.

ಈ ಹಾಳೆಗಳನ್ನು ನಿನ್ನ ಕಾಲೇಜಿನ ಚೀಲದಲ್ಲಿ ಇಟ್ಟು, ತಂಗಿಯ ಮನೆಯಲ್ಲಿ ಶಾವಿಗೆ ಮಾಡುವುದಿದೆ ಎಂದು ಸುಳ್ಳು ಹೇಳಿ ನಾನು ಮುಧೋಳಕ್ಕೆ ಹೊರಟಿದ್ದೇನೆ. ನೀವು ಓದುವಾಗ ಎದುರಿಗೆ ಇರುವಷ್ಟು ಧೈರ್ಯ ಇಲ್ಲ. ನಾಲ್ಕು ದಿನ ಬಿಟ್ಟು ಬರುತ್ತೇನೆ. ಬಂದ ಮೇಲೆ ನೀವು ಕೇಳಿದರೆ, "ನಾ ಯಾವಾಗ ಕೆರದೇನಿ? ನನಗೇನ ತಿಳೀತೈತಿ?" ಎಂದು ನಾಚಿಕೊಂಡು ಮಾತು ತಿರುಗಿಸಿದರೂ ತಿರುಗಿಸಿಯೇನು, ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇದೆ. ಆಗ ನನಗೇ ತೋರಿಸಲು ಇವು ಬೇಕಾಗುತ್ತವೆ. ಆದ್ದರಿಂದ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಡಿರಿ, ಮುಖ್ಯವಾಗಿ ನನ್ನ ಕೈಗೆ ಸಿಗದ ಹಾಗೆ.