ಬೀಗರೂಟಕ್ಕೆ ಬಿಟ್ಟುಹೋದ ಬ್ರಾಕೆಟ್ಟು

ಕಂಪ್ಯೂಟರ್ ಬುದ್ಧಿವಂತ ಅಂತ ಮೆಚ್ಚುವವರಿದ್ದಾರೆ. ನಾನು ಮೆಚ್ಚಿದ್ದು ಅದು ಎದುರು ಮಾತಾಡುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ. ಸಾರಿಗೆ ಉಪ್ಪು ಹೆಚ್ಚಾಯಿತು, ಹಾಲು ಉಕ್ಕಿತು, ಬಾಗಿಲಿಗೆ ನೀರು ಹಾಕಿದ್ದು ತಡವಾಯಿತು ಅಂತ ಬೆಳಗಿನಿಂದ ಯಾರಾದರೊಬ್ಬರು ತಿದ್ದುತ್ತಲೇ ಇರುವ ತುಂಬಿದ ಮನೆಯ ಸೊಸೆ ನಾನು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಜೀವ ಒಂದಾದರೂ ಸಿಕ್ಕಿತಲ್ಲ ಅಂತ ಹಿರಿಹಿರಿ ಹಿಗ್ಗಿದ್ದೆ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವರು ಎಷ್ಟು ಅಪಾಯ ಎಂದು ಗೊತ್ತಾದದ್ದು ನನ್ನ ಮೈದುನ ರವಿಯ ಬೀಗರೂಟದ ದಿನ. ಆವತ್ತು ಬಿಟ್ಟ ಬಾಯಿ ಇವತ್ತಿಗೂ ಪೂರ್ತಿ ಮುಚ್ಚಿಲ್ಲ.

ಹುಣಸೂರಿನಲ್ಲಿ ಹೊಸದಾಗಿ ಕಂಪ್ಯೂಟರ್ ತರಬೇತಿ ಕೇಂದ್ರಗಳು ಬಾಗಿಲು ತೆರೆಯುತ್ತಿದ್ದ ಕಾಲ ಅದು. ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಕೇಂದ್ರದಲ್ಲಿ ನಾನು ಪಾಠ ಹೇಳುತ್ತಿದ್ದೆ. ಅಲ್ಲೊಂದು ಸಾಫ್ಟ್‌ವೇರ್ ಬಂದಿತ್ತು. ಪ್ರೋಗ್ರಾಮ್ ಬರೆಯುವ ಗೋಜೇ ಇಲ್ಲ. ಪರದೆಯ ಮೇಲೆ ಡಬ್ಬಿಗಳನ್ನು ಎಳೆದು ಕೂರಿಸಿ, ಬೇಕಾದ ಕಡೆ ಟಿಕ್ ಹಾಕಿದರೆ, ಸಾವಿರಗಟ್ಟಲೆ ಹೆಸರುಗಳಲ್ಲಿ ಬೇಕಾದವರನ್ನು ಮಾತ್ರ ಸೋಸಿ ಮುಂದಿಡುತ್ತಿತ್ತು. ಇದನ್ನು ಮನೆಯಲ್ಲಿ ಹೇಳಿಕೊಂಡಿದ್ದೇ ತಪ್ಪಾಯಿತು. ರವಿಯ ಮದುವೆ ಗೊತ್ತಾಗಿತ್ತು. ಮಾವ ಸಣ್ಣೇಗೌಡರಿಗೆ ಮಂಡಿನೋವು, ಊರೂರು ಸುತ್ತಿ ಕರೆಯುವ ಹಾಗಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ನಮ್ಮ ನೆಂಟರಿಲ್ಲದ ಊರು ಹುಡುಕಬೇಕು. ಅಷ್ಟೂ ಹೆಸರು ಕಂಪ್ಯೂಟರಿಗೆ ಹೋದವು.

ಮದುವೆಗೆ ಶಾಸ್ತ್ರಕ್ಕೆ ಎಲ್ಲರನ್ನೂ ಕರೆಯುವುದು, ಅದರಲ್ಲಿ ತಕರಾರಿಲ್ಲ, ಮಾತು ಬಿಟ್ಟವರು ಅದಕ್ಕೆ ಬರುವುದೂ ಇಲ್ಲ. ಅನ್ನ, ಸಾರು, ಪಾಯಸ ಹೇಗೋ ಸಾಲುತ್ತದೆ. ಮಾರನೆಯ ದಿನ ಗಂಡಿನ ಮನೆಯಲ್ಲಿ ಹಾಕುವ ಬೀಗರೂಟ ಹಾಗಲ್ಲ. ಅದು ಬಾಡೂಟ. ಅದಕ್ಕೆ ಬೇರೆಯೇ ಗುಲಾಬಿ ಬಣ್ಣದ ಚೀಟಿ.

"ನೋಡವ್ವ, ಬೀಗರೂಟಕ್ಕೆ ನಮ್ ಕುಟೆ ಮಾತಾಡೋರು ಬಂದ್ರೆ ಸಾಕು. ಜಗಳ ಆಡ್ಕಂಡೋರ್ಗೆಲ್ಲ ಮರಿ ಕಡಿಯಕ್ಕೆ ನಂಗೇನು ಹುಚ್ಚಾ? ಅವರೂ ಇವರೂ ಬಂದು ಬಾಡು ಸಾಲ್ದೇ ಓದ್ರೆ ನಾನು ಸಂತೆಲಿ ತಲೆ ಎತ್ಕಂಡು ತಿರ್ಗಂಗಿಲ್ಲ" ಅಂದರು ಮಾವ.

ಹಾಗಾಗಿ 'ಮಾತಿದೆ' ಎಂದು ಒಂದು ಡಬ್ಬಿ ಮಾಡಿದೆ. ಮಾವ ಹೇಳುತ್ತಾ ಹೋದರು, ನಾನು ಟಿಕ್ ಹಾಕುತ್ತಾ ಹೋದೆ. ಟಿಕ್ ಬೀಳದವರು ಎಷ್ಟು ಜನ ಅಂತೀರಿ! ಅವರಲ್ಲಿ ಮೊದಲಿಗರು ಕೆ.ಆರ್. ನಗರ ತಾಲ್ಲೂಕಿನ ಚುಂಚನಕಟ್ಟೆಯ ಪುಟ್ಟೇಗೌಡರು, ಮಾವನ ಷಡ್ಡಕ. ಯಾವುದೋ ಕಾಲದಲ್ಲಿ ಮದುವೆಗೆ ಹೋಗುವಾಗ ಅವರು ಜೀಪಿನ ಮುಂದಿನ ಸೀಟಿನಲ್ಲಿ ಕೂತು, ಮಾವನನ್ನು ಹಿಂದೆ ಬಾಳೆಗೊನೆಯ ಜೊತೆ ಕೂರಿಸಿದ್ದರಂತೆ. ಅಷ್ಟಕ್ಕೆ ಎರಡು ಮನೆ ದೂರವಾಗಿ, ನಮ್ಮತ್ತೆಗೆ ಒಡಹುಟ್ಟಿದ ತಂಗಿಯ ಮನೆ ಹೊಸಲು ತುಳಿಯುವ ಹಾಗಿರಲಿಲ್ಲ. ಅಕ್ಕತಂಗಿ ಬೇರೆಯವರ ಮದುವೆಗಳಲ್ಲಿ ಚಪ್ಪರದ ಹಿಂದೆ ನಿಂತು ಕದ್ದು ಮಾತಾಡುತ್ತಿದ್ದರು.

ನಾಲ್ಕೂ ತಾಲ್ಲೂಕಿಗೆ ಟಿಕ್ ಹಾಕಿ, 'ಮಾತಿದೆ'ಗೂ ಟಿಕ್ ಹಾಕಿ, ಗುಂಡಿ ಒತ್ತಿದೆ. ಪರದೆಯ ಮೇಲೆ ಮರಳುಗಡಿಯಾರ ತಿರುಗಿತು, ತಿರುಗಿತು, ಮಾವ ಎರಡು ಸಲ ಎಲೆಅಡಿಕೆ ಹಾಕಿಕೊಂಡರು. ಆಮೇಲೆ ಪರದೆ ಖಾಲಿ. ಒಬ್ಬರೂ ಇಲ್ಲ! ನಾನು ಬೆವೆತುಹೋದೆ. ನೋಡಿದರೆ, ತಾಲ್ಲೂಕುಗಳ ನಡುವೆ 'ಮತ್ತು' ಅಂತ ಕೂತಿತ್ತು. ಒಂದೇ ಹೊತ್ತಿಗೆ ನಾಲ್ಕು ತಾಲ್ಲೂಕಿನಲ್ಲೂ ವಾಸ ಮಾಡುವ ನೆಂಟನನ್ನು ಅದು ಹುಡುಕಿತ್ತು.

"ಅಂಥೋನು ಒಬ್ಬ ಇದ್ದ ಕಣವ್ವ, ನಮ್ ದೊಡ್ಡಪ್ಪನ ಮಗ. ತಾಲ್ಲೂಕ್‌ಗೊಂದು ಸಂಸಾರ ಮಡಗಿದ್ದ. ಈಗಿಲ್ಲ, ಬುಡು" ಅಂದರು ಮಾವ.

'ಮತ್ತು' ತೆಗೆದು 'ಅಥವಾ' ಹಾಕಿದೆ. ಹುಣಸೂರು ಅಥವಾ ಪಿರಿಯಾಪಟ್ಟಣ ಅಥವಾ ಕೆ.ಆರ್. ನಗರ ಅಥವಾ ಕೋಟೆ, ಮತ್ತು ಮಾತಿರಬೇಕು. ಹೆಸರುಗಳು ದಬದಬನೆ ಬಂದವು. ಸರಿಯಿದೆಯೋ ಎಂದು ಕೋಟೆ ತಾಲ್ಲೂಕನ್ನು ತೆರೆದು ನೋಡಿದೆ. ಅದು ನನ್ನ ತವರಿನ ತಾಲ್ಲೂಕು, ಹೆಸರುಗಳು ಪರಿಚಿತ. ಹಂಪಾಪುರದ ಜಗಳಗಂಟರೆಲ್ಲ ಅಚ್ಚುಕಟ್ಟಾಗಿ ಬಿಟ್ಟುಹೋಗಿದ್ದರು. ಇನ್ನೇನು ಬೇಕು? ವಿಳಾಸಗಳನ್ನು ಪ್ರಿಂಟಿಗೆ ಕೊಟ್ಟೆ. ಲೆಕ್ಕಕ್ಕಿಂತ ಹೆಚ್ಚು ಕಾಗದ ತಿಂದಿತು. ನಮ್ಮ ನೆಂಟರು ಸಂಸಾರ ಬೆಳೆಸುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ ಅಂದುಕೊಂಡು ಸುಮ್ಮನಾದೆ. ರವಿಯ ಗೆಳೆಯರು ಬೈಕಿನಲ್ಲಿ ಚೀಟಿ ಹಂಚಿ ಬಂದರು. ಯಾರ ಜಗಳ ಯಾರ ಮೇಲೆ ಅಂತ ಅವರಿಗೇನು ಗೊತ್ತು? ಅಡಿಗೆಯವರಿಗೆ ಮಾತ್ರ ಮಾವ ತಮ್ಮ ಮನಸ್ಸಿನ ಲೆಕ್ಕದಲ್ಲೇ ಮರಿ ಹೇಳಿದ್ದರು.

ಬೀಗರೂಟದ ದಿನ ಚಪ್ಪರದ ಬಾಗಿಲಲ್ಲಿ ಮಾವ ಕೈಮುಗಿದು ನಿಂತಿದ್ದರು, ಪಕ್ಕದಲ್ಲಿ ಪನ್ನೀರುದಾನಿ ಹಿಡಿದು ನಾನು. ಒಂದು ಟೆಂಪೊ ಬಂದು ನಿಂತಿತು. ಅದರೊಳಗಿಂದ ಚುಂಚನಕಟ್ಟೆಯ ಪುಟ್ಟೇಗೌಡರು, ಅವರ ಹೆಂಡತಿ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಇಳಿದರು, ಇಳಿಯುತ್ತಲೇ ಇದ್ದರು. ಮಾವನ ಮುಗಿದ ಕೈ ಮುಗಿದ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು.

"ಕೊನೆಗೂ ತಪ್ ಒಪ್ಕಂಡು ನೀನೇ ಕರ್ದಲ್ಲ ಸಣ್ಣೇಗೌಡ, ಅದು ದೊಡ್ಡಸ್ತಿಕೆ ಬುಡು" ಎಂದು ಪುಟ್ಟೇಗೌಡರು ಗುಲಾಬಿ ಚೀಟಿ ಎತ್ತಿ ತೋರಿಸಿದರು.

ಬಾಗಿಲಿಗೆ ಬಂದ ನೆಂಟನಿಗೆ ಏನು ಹೇಳುತ್ತೀರಿ? "ಬ... ಬನ್ನಿ, ಕುಂತ್ಕಳಿ" ಅಂದರು ಮಾವ. ಅವರ ಕಣ್ಣು ಮಾತ್ರ ನನ್ನ ಮೇಲಿತ್ತು. ಹಿಂದೆಯೇ ಪಿರಿಯಾಪಟ್ಟಣದ ಟ್ರ್ಯಾಕ್ಟರು. ಅದರ ಹಿಂದೆ ಹುಣಸೂರಿನ ಮೂರು ಬೀದಿಯವರು. ಬೇಲಿ ಜಗಳದವರು, ಓಟಿನ ಜಗಳದವರು, ಯಾಕೆ ಜಗಳ ಎಂದು ಎರಡು ಕಡೆಯವರಿಗೂ ಮರೆತುಹೋದವರು, ಎಲ್ಲ ಸಂಸಾರ ಸಮೇತ, ನಮ್ಮ ಮಾವ ಸೋತದ್ದನ್ನು ಕಣ್ಣಾರೆ ನೋಡಲು ಬಂದಿದ್ದರು. ಕೋಟೆ ತಾಲ್ಲೂಕಿನ ಜಗಳಗಂಟ ಮಾತ್ರ ಒಬ್ಬನೂ ಇಲ್ಲ. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. 'ಮತ್ತು ಮಾತಿರಬೇಕು' ಅನ್ನುವ ಷರತ್ತು ಕೊನೆಯ ತಾಲ್ಲೂಕಿಗೆ ಮಾತ್ರ ಅಂಟಿಕೊಂಡಿತ್ತು. ನಾಲ್ಕೂ ತಾಲ್ಲೂಕನ್ನು ಒಂದು ಬ್ರಾಕೆಟ್ಟಿನೊಳಗೆ ಕೂಡಿಸಬೇಕಿತ್ತು. ನಾನು ಕೂಡಿಸಿರಲಿಲ್ಲ. ಮೂರು ತಾಲ್ಲೂಕಿನ ಹಗೆಗಳನ್ನೆಲ್ಲ ನನ್ನ ಕೈಯಾರೆ ಊಟಕ್ಕೆ ಕರೆದಿದ್ದೆ!

ಅತ್ತೆ ಮತ್ತು ಅವರ ತಂಗಿ ಎಲ್ಲರ ಎದುರಿಗೇ ತಬ್ಬಿಕೊಂಡು ಗೊಳೋ ಅಂತ ಅತ್ತರು. ಅದನ್ನು ನೋಡಿ ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಆದರೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಎರಡನೇ ಪಂಕ್ತಿಗೆ ಕೈಮ ಉಂಡೆ ಮುಗಿಯಿತು, ಮೂರನೆಯದಕ್ಕೆ ಬೋಟಿ ಗೊಜ್ಜು. ಬಡಿಸುವವರು ಸಾಲದೆ ನಾನೇ ಸೆರಗು ಸಿಕ್ಕಿಸಿ ಬಕೆಟ್ ಹಿಡಿದೆ. ಕೊನೆಯ ಪಂಕ್ತಿಗೆ ಬಂದಾಗ ಸೌಟಿಗೆ ತಳ ಕೆರೆದ ಸದ್ದು ಬಿಟ್ಟು ಬೇರೇನೂ ಸಿಗಲಿಲ್ಲ. ಅಡಿಗೆಯವರು ಗಡಿಬಿಡಿಯಲ್ಲಿ ಒಂದು ಹಂಡೆ ತಿಳಿಸಾರು ಕಾಯಿಸಿ ಕೊಟ್ಟರು. ಅದನ್ನು ಹಿಡಿದು ಮೊದಲ ಎಲೆಯ ಮುಂದೆ ಬಗ್ಗಿದೆ. ಎಲೆಯ ಹಿಂದೆ ಕೂತಿದ್ದವರು ನಮ್ಮಪ್ಪ.

ಬೀಚನಹಳ್ಳಿಯಿಂದ ಬೆಳಿಗ್ಗೆಯೇ ಬಂದಿದ್ದ ಅಪ್ಪ, "ಅವ್ರೆಲ್ಲ ಅಪ್ರೂಪಕ್ಕೆ ಬಂದವ್ರೆ, ಮೊದ್ಲು ಉಣ್ಲಿ" ಅಂತ ಪ್ರತಿ ಪಂಕ್ತಿಯಲ್ಲೂ ಎದ್ದು ಜಾಗ ಬಿಟ್ಟುಕೊಟ್ಟಿದ್ದರಂತೆ. ಬೀಗರೂಟದಲ್ಲಿ ಬೀಗನ ಎಲೆಗೆ, ಅದೂ ಹೆತ್ತ ಮಗಳ ಕೈಯಿಂದ, ತಿಳಿಸಾರು! ಅಪ್ಪ ಎಲೆ ನೋಡಿದರು, ನನ್ನ ಮುಖ ನೋಡಿದರು. ನಾಲ್ಕು ತುತ್ತು ಉಂಡು ಎದ್ದರು. ನಾನು ಬಕೆಟ್ ಅಲ್ಲೇ ಇಟ್ಟು ಹಿಂದೆ ಓಡಿದೆ.

"ಅಪ್ಪ, ಒಂದು ಬ್ರಾಕೆಟ್ಟು ಬಿಟ್ಟೋಗಿತ್ತು ಕಣಪ್ಪ, ಅದಕ್ಕೇ ಹಿಂಗಾಯ್ತು" ಅಂದೆ.

"ನಿನ್ ಮದ್ವೇಲಿ ನಾನು ಇವರ ಕಡೆಯೋರ್ಗೆ ಸಾಲು ಮರಿ ಕಡ್ದಿದ್ದೆ ಕಣವ್ವ. ಆಗ ನಮ್ಮನೇಲಿ ಬ್ರಾಕೆಟ್ಟೇ ಇರ್ಲಿಲ್ಲ" ಎಂದು ಅಪ್ಪ ಬಸ್ಸು ಹತ್ತಿದರು.

ಮಾವನವರಿಗೆ ಆದದ್ದೆಲ್ಲ ಒಳ್ಳೆಯದೇ. ಬಾಡು ಸಾಲದೇ ಹೋದದ್ದು ಜನ ಕಿಕ್ಕಿರಿದು ಬಂದದ್ದಕ್ಕೆ, ಜನ ಬಂದದ್ದು ಅವರ ದೊಡ್ಡ ಮನಸ್ಸಿಗೆ ಅಂತ ಸಂತೆಯಲ್ಲಿ ಮಾತಾಯಿತು. ಅವರೂ ಅದನ್ನೇ ನಂಬಿದರು. ಚುಂಚನಕಟ್ಟೆಯಿಂದ ಹೊಸ ಅಕ್ಕಿ ಬರತೊಡಗಿತು, ಅತ್ತೆ ತಂಗಿಯ ಮನೆಗೆ ಹೋಗಿ ವಾರಗಟ್ಟಲೆ ನಿಂತರು. ನಮ್ಮ ಮನೆಗೂ ಬೀಚನಹಳ್ಳಿಗೂ ಮಾತ್ರ ಅವತ್ತಿನಿಂದ ಮಾತಿಲ್ಲ.

ಆ ವರ್ಷದ ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟಕ್ಕೆ, ನಾನೊಬ್ಬಳೇ ತವರಿಗೆ ಹೋದೆ. ಅಮ್ಮ ಎಲೆ ಹಾಸಿ ಮುದ್ದೆ ಇಡಲು ಬಂದರೆ ಅಪ್ಪ ತಡೆದು, ತಾವೇ ಒಳಗೆ ಹೋಗಿ ಒಂದು ಪಾತ್ರೆ ತಂದು, ಅನ್ನದ ಮೇಲೆ ತಿಳಿಸಾರು ಸುರಿದರು. "ಉಣ್ಣವ್ವ. ನಿಮ್ಮನೆ ಬೀಗರೂಟ ಇಂಗೇ ಅಲ್ವಾ?" ಅಂದರು. ನಗುತ್ತಾರೇನೋ ಎಂದು ಮುಖ ನೋಡಿದೆ, ನಗಲಿಲ್ಲ. ಒಲೆಯ ಮೇಲೆ ಬೇಯುತ್ತಿದ್ದ ಬಾಡಿನ ಘಮ ಕೂತಲ್ಲಿಗೇ ಬರುತ್ತಿತ್ತು. ನಾನು ಎದುರು ಮಾತಾಡದೆ ಇನ್ನೊಂದು ಸೌಟು ತಿಳಿಸಾರು ಹಾಕಿಸಿಕೊಂಡೆ.