ದೇವರ ಜಗಲಿಯ ಮೇಲೆ ಉರಿದ ಕೆಂಪು ದೀಪದ ಕುರಿತು

ಯಡ್ರಾಮಿ, ಮೇ ೧೯೯೧

ಫ್ಲಾಶ್ ಬ್ಯಾಟರಿಯ ಚಾರ್ಜರಿಗೆ ಸೂಚನಾಪತ್ರ ಬರೆದ ಮಹನೀಯರ ಸನ್ನಿಧಿಗೆ,

ಮಾನ್ಯರೇ,

ಯಡ್ರಾಮಿಯ ಬಸ್ ಸ್ಟ್ಯಾಂಡಿನ ಎದುರು ಫೋಟೊ ಸ್ಟುಡಿಯೋ ಇಟ್ಟುಕೊಂಡಿರುವ ದೌಲತರಾಯನ ಶರಣು ಶರಣಾರ್ಥಿ. ತಾವು ಎಲ್ಲೋ ತಂಪಾದ ಜಾಗದಲ್ಲಿ ಕುಳಿತು ಕ್ಷೇಮವಾಗಿದ್ದೀರೆಂದು ತಮ್ಮ ಬರವಣಿಗೆಯಿಂದಲೇ ತಿಳಿಯುತ್ತದೆ.

ನನ್ನ ತಾಯಿ ಗುರುಬಾಯಿಯ ವಿಧವಾ ವೇತನದ ಅರ್ಜಿಗೆ ಒಂದು ಫೋಟೊ ಬೇಕಿತ್ತು. ಫ್ಲಾಶ್ ಬೆಳಗಿದ ಕೂಡಲೇ ಗಪ್ಪನೆ ಕಣ್ಣು ಮುಚ್ಚುವುದು ಅವ್ವನ ಪದ್ಧತಿ. ಹಾಗೆ ಮುಚ್ಚಿದ ಎರಡು ಫೋಟೊಗಳನ್ನು ಕಚೇರಿಯ ಗುಮಾಸ್ತ ಶ್ರೀಪಾದರಾಯರು, "ಪಗಾರ ಬದುಕಿದ್ದವ್ರಿಗೆ ಕೊಡೋದದ್ರಿ, ಇವ್ರು ಬದುಕ್ಯಾರ ಅಂತ ನಾ ಹ್ಯಾಂಗ ಬರೀಲಿ?" ಎಂದು ಹಿಂದಿರುಗಿಸಿದರು. ಮಂಗಳವಾರವೇ ಕಡೆಯ ದಿನ. ಊರವರ ಫೋಟೊವನ್ನೆಲ್ಲ ತೆಗೆಯುವವನಿಗೆ ಹೆತ್ತವ್ವನ ಫೋಟೊ ತೆಗೆಯಲು ಬರುವುದಿಲ್ಲವಂತೆ ಎಂಬ ಮಾತು ಚಹಾದಂಗಡಿಯವರೆಗೂ ಹಬ್ಬಿ, ನನಗೆ ನಾಚಿಕೆಯಿಂದ ತಲೆ ಎತ್ತಿ ತಿರುಗದಂತಾಗಿತ್ತು. ಬ್ಯಾಟರಿ ಪೂರ್ತಿ ತುಂಬಿದ್ದರೆ ಒಂದರ ಹಿಂದೊಂದು ಹತ್ತು ಸಲ ಫ್ಲಾಶ್ ಹೊಡೆದು, ಒಂದರಲ್ಲಾದರೂ ತೆರೆದ ಕಣ್ಣು ಹಿಡಿಯಬೇಕೆಂಬುದು ನನ್ನ ಹಂಚಿಕೆ.

ಸ್ವಚ್ಛವಾದ, ತಂಪಾದ, ಯಾರೂ ತುಳಿಯದ ಜಾಗದಲ್ಲಿಡಿ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ನಮ್ಮ ಮನೆಯಲ್ಲಿ ಅಂಥ ಜಾಗ ದೇವರ ಜಗಲಿಯೊಂದೇ, ಅಲ್ಲಿಟ್ಟೆ. ಹದಿನಾಲ್ಕು ತಾಸು ಮೀರಬಾರದು ಎಂದಿದ್ದೀರಿ; ಸೋಮವಾರ ಬೆಳಗಿನ ಐದಕ್ಕೆ ಪ್ಲಗ್ಗು ಹಾಕಿ, ಸಂಜೆ ಏಳಕ್ಕೆ ಸರಿಯಾಗಿ ಕೀಳಲು ಹೋದೆ. ಅಷ್ಟರಲ್ಲಿ ತಮ್ಮ ಚಾರ್ಜರಿಗೆ ಮೂರು ಬೆರಳಿನ ವಿಭೂತಿ ಬಿದ್ದಿತ್ತು, ನೆತ್ತಿಯ ಮೇಲೆ ಕಣಗಿಲ ಹೂವಿತ್ತು, ಅದರ ಕೆಂಪು ದೀಪದೆದುರು ಅವ್ವ ಕೈಮುಗಿದು ಕೂತಿದ್ದಳು.

"ಸೋಮವಾರ ದೀಪ ಹಚ್ಚೋ ಹೊತ್ತಿನ್ಯಾಗ ಉರಿಯೋ ದೀಪ ಆರಸ್ತಿ ಏನಲೇ? ಬುದ್ಧಿ ಎಲ್ಲಿಟ್ಟಿ?" ಎಂದಳು. ಸೂಚನಾಪತ್ರ ತೋರಿಸಿದೆ, ಓದು ಎಂದಳು. ನನ್ನ ಗ್ರಹಚಾರಕ್ಕೆ, 'ಕೆಂಪು ದೀಪ ಉರಿಯುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದು ತಿಳಿಯಿರಿ' ಎಂಬ ತಮ್ಮ ಅಮೃತವಾಕ್ಯವೇ ಮೊದಲು ಸಿಕ್ಕಿತು. "ನೋಡು, ತಿಳಿದವ್ರು ಬರದಾರ" ಎಂದು ಅವ್ವ ಜಗಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡಳು. ದಿನಕ್ಕೆ ನಾಲ್ಕು ಸಲ ಹೋಗುವ ಕರೆಂಟು ಕೂಡ ಅಂದು ಅವಳ ಮಾತು ಮೀರುವ ಧೈರ್ಯ ಮಾಡಲಿಲ್ಲ.

ಬೆಳಗಾಗೆದ್ದು ನೋಡಿದರೆ ಬ್ಯಾಟರಿಗಳ ಹೊಟ್ಟೆ ಉಬ್ಬಿ ರಸ ಒಸರುತ್ತಿತ್ತು, ಜಗಲಿಯ ತುಂಬ ಸುಟ್ಟ ವಾಸನೆ. ದೀಪ ಮಾತ್ರ ತಮ್ಮ ಮಾತು ಉಳಿಸಲು ಇನ್ನೂ ಉರಿಯುತ್ತಿತ್ತು, ಅಂದರೆ ಎಲ್ಲವೂ ಸರಿಯಾಗಿಯೇ ಇತ್ತು.

ಆದ್ದರಿಂದ, ಮಾನ್ಯರೇ, ಆ ದೀಪವನ್ನು ಯಾರಿಗೂ ಕೈಮುಗಿಯಬೇಕೆನಿಸದ ಬಣ್ಣದ್ದಾಗಿ ಮಾಡಿಸಬೇಕು. ಅಂಥ ಬಣ್ಣ ಸಿಗದಿದ್ದರೆ ಪ್ರತಿ ಸೋಮವಾರ ಸಂಜೆ ಏಳಕ್ಕೆ ತಾವೇ ಯಡ್ರಾಮಿಗೆ ದಯಮಾಡಿಸಿ, ತಮ್ಮ ಅಮೃತಹಸ್ತದಿಂದ ಪ್ಲಗ್ಗು ಕಿತ್ತು, ಅವ್ವನ ಬೈಗುಳವನ್ನು ಖುದ್ದಾಗಿ ಸ್ವೀಕರಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಫ್ಲಾಶ್ ಕಳೆದುಕೊಂಡರೂ ವಿಶ್ವಾಸ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ
ದೌಲತರಾಯ

ತಾ.ಕ.: ಫ್ಲಾಶ್ ಇಲ್ಲದ್ದರಿಂದ ಅಂದು ಅವ್ವನನ್ನು ಅಂಗಳದ ಬೆಳಕಿನಲ್ಲಿ ಕೂಡ್ರಿಸಿ, ಕ್ಯಾಮೆರಾ ಹಿಡಿದು, "ಎಲ್ಲಾ ನಿನ್ನಿಂದನ ಹಾಳಾತು" ಎಂದೆ. ಅವಳು ನನ್ನತ್ತ ಕೆಕ್ಕರಿಸಿ ಬಿಟ್ಟ ಕಣ್ಣನ್ನು ಹಾಗೆಯೇ ಹಿಡಿದು, ಮಧ್ಯಾಹ್ನದೊಳಗೆ ಮುದ್ರಿಸಿ ಕಚೇರಿಗೆ ಒಯ್ದೆ. ಶ್ರೀಪಾದರಾಯರು ಫೋಟೊ ನೋಡಿದವರೇ ಕುರ್ಚಿ ಬಿಟ್ಟು ಎದ್ದು ನಿಂತು, "ಬದುಕ್ಯಾರ್ರಿ, ಖರೇನ ಬದುಕ್ಯಾರ" ಎಂದು ಶಿಕ್ಕಾ ಹೊಡೆದರು. ಅದರದೊಂದು ಪ್ರತಿಯನ್ನು ಲಗತ್ತಿಸಿದ್ದೇನೆ. ಮುಂದಿನ ಸೂಚನಾಪತ್ರ ಬರೆಯುವಾಗ ದಯವಿಟ್ಟು ಎದುರಿಗಿಟ್ಟುಕೊಳ್ಳಿ.